ತೂಕ 61 ಕೆಜಿ, ಆದ್ರೂ ಶುಗರ್ ಬಾರ್ಡರ್ ಅಂತಾರೆ, ಹೇಗೆ?

ಗದಗದವ_ಪುಣೆ:
ನಮಸ್ಕಾರ. ವಯಸ್ಸು 38, ಕೆಲಸ ಹಿಂಜವಡಿಯಲ್ಲಿ, ದಿನವಿಡೀ ಕುರ್ಚಿ. ಆಫೀಸಿನ ಚೆಕಪ್‌ನಲ್ಲಿ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.1 ಬಂದಿದೆ. ಪ್ರೀ-ಡಯಾಬಿಟಿಸ್ ಅಂತ ಹೇಳಿ ಎರಡೇ ನಿಮಿಷದಲ್ಲಿ ಕಳಿಸಿಬಿಟ್ಟರು. ನಾನು ಸಣಕಲ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ದಪ್ಪ ಇರುವವರ ಕಾಯಿಲೆ ನನಗ್ಯಾಕೆ? ಮೈಯೊಳಗೆ ಏನಾಗುತ್ತಿದೆ ಅಂತ ಯಾರಾದ್ರೂ ಬಿಡಿಸಿ ಹೇಳುತ್ತೀರಾ?

ಲ್ಯಾಬ್_ಮೇಷ್ಟ್ರು:
ಇದರ ಬೆನ್ನು ಹತ್ತಿದವರು ನಿಮ್ಮ ಪುಣೆಯಲ್ಲೇ ಇದ್ದಾರೆ. ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್. 2004ರಲ್ಲಿ ಅವರೂ ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಅವರೂ ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿಕೊಂಡರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2! ತೂಕದ ಮಷಿನ್ನಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು. 1993ರಲ್ಲಿ ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಶುರುವಾದ ಅವರ ಅಧ್ಯಯನದಲ್ಲಿ ಆಗತಾನೆ ಹುಟ್ಟಿದ ಕೂಸುಗಳಲ್ಲೂ ಹೀಗೇ ಇತ್ತು: ತೂಕ ಕಡಿಮೆ, ಸ್ನಾಯು ಕಡಿಮೆ, ಕೊಬ್ಬು ಮಾತ್ರ ಅಷ್ಟಾಗಿ ಇಳಿದಿಲ್ಲ.

ಈಗ ಕೋಶದ ವಿಷಯ. ಉಂಡ ಮೇಲೆ ರಕ್ತಕ್ಕೆ ಬಂದ ಗ್ಲೂಕೋಸ್‌ನಲ್ಲಿ ದೊಡ್ಡ ಪಾಲು ಸ್ನಾಯುವಿಗೆ ಹೋಗಬೇಕು. ಇನ್ಸುಲಿನ್ ಸುದ್ದಿ ಮುಟ್ಟಿಸಿದರೆ ಗ್ಲುಟ್4 ಅನ್ನುವ ಪ್ರೋಟೀನ್ ಕೋಶದ ಹೊರಪೊರೆಗೆ ಬಂದು ಸಕ್ಕರೆಯನ್ನು ಒಳಗೆ ಬಿಡುತ್ತದೆ. ಚರ್ಮದಡಿ ಹಿಡಿಸದ ಕೊಬ್ಬು ಸ್ನಾಯುವಿಗೂ ಲಿವರಿಗೂ ನುಗ್ಗಿದರೆ ಆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಗೋದಾಮು ತುಂಬಿದರೆ ಲಾರಿ ಗೇಟಿನ ಹೊರಗೇ ನಿಲ್ಲಬೇಕು, ಅಲ್ವಾ. ಇನ್ನು ಲಿವರ್ ಬೇರೆ, ಸಾಕು ಅಂದರೂ ಕೇಳದೆ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಖಾಲಿ ಹೊಟ್ಟೆಯಲ್ಲೂ ಶುಗರ್ ಜಾಸ್ತಿ ಬರುವುದು ಅದಕ್ಕೇ. ಮೆಟ್ಫಾರ್ಮಿನ್ ಮಾತ್ರೆ ಮುಖ್ಯವಾಗಿ ತಡೆಯುವುದೂ ಇದನ್ನೇ.

ಡೊಂಬಿವಲಿ_ಅಕ್ಕ:
ಮೆಂತ್ಯ ನೆನೆಸಿದ ನೀರು ಕುಡಿಯಿರಿ ತಮ್ಮಾ. ಅನ್ನ ಬಿಟ್ಟು ಜೋಳದ ರೊಟ್ಟಿಗೆ ಬನ್ನಿ.

ಲ್ಯಾಬ್_ಮೇಷ್ಟ್ರು:
ಅಕ್ಕಾ, ಮೆಂತ್ಯದಲ್ಲಿ ನಾರಿದೆ, ಒಳ್ಳೆಯದೇ. ಆದರೆ ಗದಗದವರಿಗೆ ರೊಟ್ಟಿ ಅಂದರೆ ಲೆಕ್ಕ ತಪ್ಪುತ್ತದೆ. ಐದು ತಿಂದರೆ ಅದೂ ಗ್ಲೂಕೋಸೇ :)

ಫಿಸಿಯೋ_ಕೊಥ್ರೂಡ್:
ಮುಖ್ಯವಾದದ್ದನ್ನೇ ಬಿಟ್ಟಿರಿ ಮೇಷ್ಟ್ರೇ. ಸ್ನಾಯು ದುಡಿಯುವಾಗ ಗ್ಲುಟ್4 ಇನ್ಸುಲಿನ್‌ಗೆ ಕಾಯುವುದಿಲ್ಲ, ತಾನೇ ಮೇಲೆ ಬರುತ್ತದೆ. ಅದಕ್ಕೇ ರಾತ್ರಿ ಉಂಡು ಸೋಫಾಕ್ಕೆ ಬೀಳುವ ಮೊದಲು ಸೊಸೈಟಿಯೊಳಗೇ ಒಂದಿಷ್ಟು ಸುತ್ತು ಹಾಕಿ. ಬಸ್ಕಿ ಹೊಡೆಯಿರಿ, ತೊಡೆ ದೊಡ್ಡ ಸ್ನಾಯು. ನಡಿಗೆಯೊಂದೇ ಸಾಲದು, ಸಣಕಲರಿಗೆ ಸ್ನಾಯು ಬೆಳೆಯಬೇಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಹಿಡಿದು ನೋಡಿ, ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ನಮ್ಮ ಗಂಡಸರಿಗೆ 90 ಸೆಂ.ಮೀ. ಮಿತಿ.

ಗದಗದವ_ಪುಣೆ:
93 ಬಂತು. ಮುಂದಿನ ತಿಂಗಳೇ ಮತ್ತೆ ಟೆಸ್ಟ್ ಮಾಡಿಸಲಾ?

ಲ್ಯಾಬ್_ಮೇಷ್ಟ್ರು:
ಸುಮ್ನೆ ದುಡ್ಡು ದಂಡ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಹಳೆಯ ಸಕ್ಕರೆಯ ಗುರುತು ಅದರಲ್ಲೇ ಇರುತ್ತದೆ. ಮೂರು ತಿಂಗಳು ಬಿಟ್ಟು ಮಾಡಿಸಿ. ಲಿವರ್‌ಗೆ ಸೋನೋಗ್ರಫಿ ಬೇಕಾ ಅಂತ ಮಾತ್ರ ಡಾಕ್ಟರನ್ನು ಈಗಲೇ ಕೇಳಿ.