ಮುಂಬೈ ಹೈನಂಥ ಮುದಿ ತೈಲಕ್ಷೇತ್ರಕ್ಕೆ ಮತ್ತೆ ದುಡ್ಡು ಹಾಕುವುದು ಸರಿಯಾ?

ಸುರತ್ಕಲ್ ಹುಡುಗ:
ನಮ್ಮ ಮನೆ ಮಹಡಿಯಿಂದ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕದ ಚಿಮಣಿ ಕಾಣುತ್ತದೆ. ಅಲ್ಲಿಗೆ ಹಡಗಿನಲ್ಲಿ ಬರುವ ಕಚ್ಚಾ ತೈಲದಲ್ಲಿ ಒಂದು ಪಾಲು ಮುಂಬೈ ಹೈನದು, ಅದಕ್ಕೇ ಈ ಪ್ರಶ್ನೆ. 1974ರಲ್ಲಿ ಸಿಕ್ಕಿ, 1976ರಲ್ಲಿ ತೈಲ ಕೊಡಲು ಶುರು ಮಾಡಿದ, ಮುಂಬೈ ಕಡೆಯ ಅರಬ್ಬಿ ಸಮುದ್ರದ ಕ್ಷೇತ್ರ ಅದು. 1985ರಲ್ಲಿ ದಿನಕ್ಕೆ 4.7 ಲಕ್ಷ ಬ್ಯಾರೆಲ್ ಬರುತ್ತಿತ್ತು, 2024ಕ್ಕೆ 1.34 ಲಕ್ಷಕ್ಕೆ ಇಳಿಯಿತು. 2025ರ ಜನವರಿಯಲ್ಲಿ ಅದನ್ನು ನಡೆಸುವ ಸರ್ಕಾರಿ ಕಂಪನಿ ಒಎನ್‌ಜಿಸಿ, ಬ್ರಿಟನ್ನಿನ ಬಿಪಿ ಕಂಪನಿಯನ್ನು 10 ವರ್ಷಕ್ಕೆ ತಾಂತ್ರಿಕ ಸಹಾಯಕ್ಕೆ ಕರೆದುಕೊಂಡಿತು. ತೈಲ, ಅನಿಲ ಎರಡೂ ಸೇರಿ 60%ವರೆಗೆ ಜಾಸ್ತಿ ಮಾಡಬಹುದು ಅಂತ ಬಿಪಿ ಹೇಳಿದೆ. ಐವತ್ತು ವರ್ಷ ಹಿಂಡಿದ ಬಾವಿಯಲ್ಲಿ ಇನ್ನೇನು ಉಳಿದಿರುತ್ತದೆ?

ಗುಜರಾತಿನಲ್ಲಿದ್ದವ:
ಬಹಳ ಉಳಿದಿರುತ್ತದೆ. ತೈಲ ನೆಲದಡಿಯಲ್ಲಿ ಕೆರೆ ತರ ನಿಂತಿರುವುದಿಲ್ಲ, ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಅಂಟಿಕೊಂಡಿರುತ್ತದೆ. ಒಳಗಿನ ಒತ್ತಡ ಇರುವ ತನಕ ಒಂದಿಷ್ಟು ತಾನಾಗಿ ಬರುತ್ತದೆ, ಆಮೇಲೆ ನೀರು ನುಗ್ಗಿಸಿ ತಳ್ಳುತ್ತಾರೆ. ಮುಂಬೈ ಹೈನಲ್ಲಿ ಅದನ್ನು 1984ರಲ್ಲೇ ಶುರು ಮಾಡಿದ್ದರು. ಇಷ್ಟೆಲ್ಲ ಮಾಡಿದರೂ ಎಷ್ಟೋ ಕ್ಷೇತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತೈಲ ಕಲ್ಲಲ್ಲೇ ಉಳಿಯುತ್ತದೆ.

ತೊಂದರೆ ನೀರಿನದು. ಗದ್ದೆಗೆ ಬಿಟ್ಟ ನೀರು ಏಡಿ ತೂತು ಸಿಕ್ಕರೆ ಅದರಲ್ಲೇ ಹರಿದು ಹೋಗುತ್ತದಲ್ಲ, ಹಾಗೆ ಇದೂ ಸುಲಭದ ದಾರಿ ಹಿಡಿದು ತೈಲವನ್ನು ಬಿಟ್ಟು ಸೀದಾ ಬಾವಿಗೆ ಬರುತ್ತದೆ. ನಾನಿದ್ದ ಕಡೆ ಬಾವಿಯ ಬಾಯಲ್ಲಿ ಬಾಟಲಿಗೆ ಸ್ಯಾಂಪಲ್ ಹಿಡಿಯುತ್ತಿದ್ದೆವು. ಮೊದಲು ಪೂರ್ತಿ ಕಂದು ಬಣ್ಣ, ನೋಡಿದರೆ ಎಲ್ಲಾ ತೈಲವೇ ಅನ್ನಿಸಬೇಕು. ಸ್ವಲ್ಪ ಹೊತ್ತು ಬಿಟ್ಟರೆ ಅಡಿಯಿಂದ ನೀರು ಬೇರೆಯಾಗುತ್ತಾ ಬಂದು, ಕೊನೆಗೆ ಮೇಲೆ ಎರಡು ಬೆರಳಿನಷ್ಟು ಕಪ್ಪು ಪದರ ಮಾತ್ರ ಉಳಿಯುತ್ತಿತ್ತು.

ಲೆಕ್ಕದ ಮೇಷ್ಟ್ರು:
ಆ ಬಾಟಲಿಯಲ್ಲೇ ಪೂರ್ತಿ ಲೆಕ್ಕ ಇದೆ ಸಾರ್. ನೂರಕ್ಕೆ 90 ನೀರು ಅಂದರೆ ಒಂದು ಬ್ಯಾರೆಲ್ ತೈಲಕ್ಕೆ 9 ಬ್ಯಾರೆಲ್ ನೀರು ಎತ್ತಬೇಕು. 95 ಆದರೆ 19 ಬ್ಯಾರೆಲ್. ನೀರಿನ ಪಾಲು ಏರಿದ್ದು ಬರೀ ಐದು, ಎತ್ತುವ ನೀರು ಎರಡು ಪಟ್ಟು! ಅದನ್ನೆಲ್ಲ ಬೇರೆ ಮಾಡಬೇಕು, ಶುದ್ಧ ಮಾಡಬೇಕು, ವಾಪಸ್ ಒಳಗೆ ತಳ್ಳಬೇಕು. ಇತ್ತ ಪ್ಲಾಟ್‌ಫಾರ್ಮ್, ಹೆಲಿಕಾಪ್ಟರ್, ಜನರ ಸಂಬಳ ಯಾವುದೂ ತೈಲ ಕಮ್ಮಿಯಾಯಿತು ಅಂತ ಇಳಿಯುವುದಿಲ್ಲ.

ಬಿಸಿಲ ನಾಡು:
ಹಾಗಿದ್ದರೆ ನಿಲ್ಲಿಸಿಬಿಡಬಹುದಲ್ವಾ? ನಮ್ಮ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನಿಂತಿದೆ. ಆ ದುಡ್ಡು ಇಂಥದ್ದಕ್ಕೆ ಹೋಗಲಿ.

ಲೆಕ್ಕದ ಮೇಷ್ಟ್ರು:
ಸೋಲಾರ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಾರಿ, ಟ್ರ್ಯಾಕ್ಟರ್ ಇವತ್ತಿಗೂ ಡೀಸೆಲ್‌ನಲ್ಲೇ ಓಡುತ್ತಿವೆ. ಬೇಕಾದ ಕಚ್ಚಾ ತೈಲದಲ್ಲಿ 85%ಗಿಂತ ಜಾಸ್ತಿ ಹೊರಗಿನಿಂದಲೇ ಬರುತ್ತಿದೆ. ಇಲ್ಲಿ ಬಾವಿ ಮುಚ್ಚಿದರೆ ಡೀಸೆಲ್ ಖರ್ಚು ನಿಲ್ಲುವುದಿಲ್ಲ, ಆಮದು ಜಾಸ್ತಿಯಾಗುತ್ತದೆ ಅಷ್ಟೇ. ಹಳೇ ಕ್ಷೇತ್ರದಲ್ಲಿ ಪೈಪ್‌ಲೈನು, ಪ್ಲಾಟ್‌ಫಾರ್ಮು ಆಗಲೇ ಇವೆ, ಅದೇ ಅದರ ದೊಡ್ಡ ಆಸ್ತಿ.

ಸುರತ್ಕಲ್ ಹುಡುಗ:
ನೀರಿನಿಂದ ಆಗದಿದ್ದರೆ ಬೇರೆ ದಾರಿ ಏನಿದೆ?

ಗುಜರಾತಿನಲ್ಲಿದ್ದವ:
ಕಲ್ಲು ಹೇಗಿದೆ, ತೈಲ ಹೇಗಿದೆ ನೋಡಿ ಮದ್ದು ಮಾಡಬೇಕು. ಗುಜರಾತಿನ ಮೆಹ್ಸಾಣಾ ಕಡೆಯ ಬಾಲೋಲ್, ಸಾಂಥಾಲ್ ಕ್ಷೇತ್ರಗಳ ತೈಲ ಜೋನಿ ಬೆಲ್ಲದಷ್ಟು ಮಂದ. ಅಲ್ಲಿ ಒಎನ್‌ಜಿಸಿಯವರು 1990ರ ದಶಕದಿಂದ ಒಳಗೆ ಗಾಳಿ ತುಂಬಿ, ನೆಲದಡಿಯಲ್ಲೇ ಒಂದಿಷ್ಟು ತೈಲಕ್ಕೆ ಬೆಂಕಿ ಹಚ್ಚಿ, ಆ ಬಿಸಿಗೆ ಕರಗಿದ ಉಳಿದ ತೈಲವನ್ನು ಬಾವಿಗೆ ತಳ್ಳಿಸಿಕೊಂಡಿದ್ದಾರೆ. ನಮ್ಮವರ ಈ ಕೆಲಸದ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ.

ರಾಜಸ್ಥಾನದ ಬಾರ್ಮೇರ್‌ನ ಮಂಗಳಾ ತೈಲಕ್ಷೇತ್ರ ಇನ್ನೊಂದು ತರ. ಅಲ್ಲಿನ ತೈಲದಲ್ಲಿ ಮೇಣ ಜಾಸ್ತಿ, ಚಳಿಗಾಲದ ಕೊಬ್ಬರಿ ಎಣ್ಣೆ ತರ ಹೆಪ್ಪುಗಟ್ಟುತ್ತದೆ. ಗುಜರಾತಿನ ತನಕ ಪೈಪನ್ನು ಬಿಸಿ ಮಾಡಿಕೊಂಡೇ ಸಾಗಿಸುತ್ತಾರೆ. ಅಲ್ಲಿ ನೀರಿಗೆ ಪಾಲಿಮರ್ ಪುಡಿ ಬೆರೆಸಿ ಗಂಜಿ ತಿಳಿಯಷ್ಟು ಮಂದ ಮಾಡಿ ಬಿಡುತ್ತಾರೆ. ಮಂದ ನೀರು ಅಡ್ಡದಾರಿ ಹಿಡಿಯದೆ ತೈಲವನ್ನು ಮುಂದಿಟ್ಟುಕೊಂಡು ಹೋಗುತ್ತದೆ. ಆದರೆ ಬಿಸಿ, ಉಪ್ಪು ಜಾಸ್ತಿ ಇರುವ ಕಡೆ ಮಾಮೂಲಿ ಪಾಲಿಮರ್ ಕೆಡುತ್ತದೆ. ಮುಂಬೈ ಹೈ ಸುಣ್ಣಕಲ್ಲು, ಮೇಲಾಗಿ ಸಮುದ್ರದ ನಡುವೆ. ಹಾಗಾಗಿ ಮಂಗಳಾದ ಮದ್ದನ್ನು ಅಲ್ಲಿಗೆ ಸುಮ್ನೆ ಎತ್ತಿ ಹಾಕಲು ಬರುವುದಿಲ್ಲ. ಯಾವ ಬಾವಿಗೆ ಎಷ್ಟು ನೀರು ಬಿಡಬೇಕು, ನೀರು ಬರುವ ಪದರವನ್ನು ಎಲ್ಲಿ ಮುಚ್ಚಬೇಕು, ಪಕ್ಕಕ್ಕೆ ಎಲ್ಲಿ ಕೊರೆಯಬೇಕು, ಇಂಥ ಕೆಲಸವೇ ಅಲ್ಲಿ ಮೊದಲು.

ಬಿಸಿಲ ನಾಡು:
ಇಷ್ಟು ಗೊತ್ತಿರುವ ನಮ್ಮವರಿರುವಾಗ ಬಿಪಿ ಯಾಕೆ ಬೇಕಿತ್ತು?

ಲೆಕ್ಕದ ಮೇಷ್ಟ್ರು:
ಹೊರಗಿನವರನ್ನು ಕರೆದದ್ದು ನನಗೆ ತಪ್ಪು ಅನ್ನಿಸುವುದಿಲ್ಲ. ಕ್ಷೇತ್ರ ಒಎನ್‌ಜಿಸಿ ಕೈಯಲ್ಲೇ ಇದೆ. ಬಿಪಿಗೆ ಮೊದಲ ಎರಡು ವರ್ಷ ನಿಗದಿತ ಶುಲ್ಕ, ಆಮೇಲೆ ಹೆಚ್ಚುವರಿ ಉತ್ಪಾದನೆಯ ಆದಾಯದಲ್ಲಿ ಪಾಲು. ನನ್ನ ತಕರಾರು ಒಂದೇ, ಹೆಚ್ಚುವರಿ ಅಂದರೆ ಯಾವುದಕ್ಕಿಂತ ಹೆಚ್ಚುವರಿ? ಏನೂ ಮಾಡದೆ ಬಿಟ್ಟಿದ್ದರೆ ಎಷ್ಟು ಬರುತ್ತಿತ್ತು ಅನ್ನುವ ಬೇಸ್‌ಲೈನ್‌ಗಿಂತ. ಉದಾಹರಣೆಗೆ ಈಗ 100 ಬರುತ್ತಿದೆ ಅಂದುಕೊಳ್ಳಿ. ವರ್ಷಕ್ಕೆ 10% ಇಳಿಯುತ್ತಿತ್ತು ಅಂತ ಹಿಡಿದರೆ ಐದು ವರ್ಷಕ್ಕೆ 59. 7% ಅಂತ ಹಿಡಿದರೆ ಸುಮಾರು 70. ನಿಜವಾಗಿ ಬಂದದ್ದು 80 ಆದರೆ, ಮೊದಲ ಲೆಕ್ಕದಲ್ಲಿ ಹೆಚ್ಚುವರಿ 21, ಎರಡನೆಯದರಲ್ಲಿ 10. ಬಾವಿ ಅದೇ, ತೈಲ ಅದೇ, ಕೊಡಬೇಕಾದ ದುಡ್ಡು ಮಾತ್ರ ಎರಡು ಪಟ್ಟು.

ಗುಜರಾತಿನಲ್ಲಿದ್ದವ:
ಒಪ್ಪಿದೆ. ಒಂದು ಮಾತು ಸೇರಿಸುತ್ತೇನೆ. ಒಂದೊಂದು ಬಾವಿಗೂ ಇಳಿಕೆಯ ಗ್ರಾಫ್ ಇರುತ್ತದೆ. ಬೇಸ್‌ಲೈನ್ ಕಟ್ಟಬೇಕಾದದ್ದು ಅದರ ಮೇಲೆ, ಇಡೀ ಕ್ಷೇತ್ರಕ್ಕೆ ಒಂದೇ ಶೇಕಡಾ ಹಾಕಿ ಅಲ್ಲ. ರಿಪೇರಿಗೆ ನಿಲ್ಲಿಸಿದ್ದ ಬಾವಿಯನ್ನು ಮತ್ತೆ ಶುರು ಮಾಡಿದರೆ ಅದೂ ಹೆಚ್ಚುವರಿಯಲ್ಲಿ ಸೇರಿಬಿಡಬಾರದಲ್ವಾ?

ಬಿಸಿಲ ನಾಡು:
ಸೋಲಾರ್ ಮೊದಲು ಅನ್ನುವುದರಲ್ಲಿ ನಾನು ಬದಲಾಗಿಲ್ಲ. ಆದರೆ ಇದು ಸಾರ್ವಜನಿಕರ ಕಂಪನಿ, ಆ ಬೇಸ್‌ಲೈನ್ ವರ್ಷ ವರ್ಷದ ಅಂಕಿಯ ಸಮೇತ ಜನರ ಮುಂದೆ ಇರಬೇಕು. ಇದಕ್ಕೆ ನನ್ನ ಪೂರ್ತಿ ಬೆಂಬಲ ಇದೆ.