ಸ್ಟುಡಿಯೋ ಮುಚ್ಚಿತು. ಲಾರಿಯನ್‌ನವರು ಆ ಕಷ್ಟದ ವರ್ಷಗಳನ್ನು ದಾಟಿದ್ದು ಹೇಗೆ, ಯಾರಿಗಾದರೂ ಗೊತ್ತಾ?

ಬಗ್‌ಬೇಟೆ (ಪ್ರಶ್ನೆ)

ನಮಸ್ಕಾರ. ನಾನು ಬೆಂಗಳೂರಿನಲ್ಲಿ ಲೆವೆಲ್ ಡಿಸೈನರ್, ಅಂದರೆ ವಿಡಿಯೋ ಗೇಮಿನ ಹಂತಗಳನ್ನು ರೂಪಿಸುವವನು. ಕೆಲಸ ಮಾಡುತ್ತಿದ್ದ ಸ್ಟುಡಿಯೋ ಇತ್ತೀಚೆಗೆ ಬಾಗಿಲು ಹಾಕಿತು. ದುಡ್ಡು ಹಾಕಿ ಗೇಮ್ ಹೊರತರಬೇಕಿದ್ದ ಪಬ್ಲಿಷರ್ ಕೈ ಎತ್ತಿದ, ಪ್ರಾಜೆಕ್ಟ್ ಅರ್ಧಕ್ಕೇ ನಿಂತಿತು. ನನಗೆ ಇದು ಮೊದಲ ಸಲವೂ ಅಲ್ಲ. ಮನೆಯಲ್ಲಿ "ಸಾಕು ಮಾರಾಯ, ಯಾವುದಾದರೂ ಐಟಿ ಕಂಪನಿ ಸೇರಿಕೋ" ಅಂತ ಶುರುವಾಗಿದೆ.

ಗೆಳೆಯರೆಲ್ಲ ಬಾಲ್ಡರ್ಸ್ ಗೇಟ್ 3ರ ಕಥೆ ಹೇಳಿ ಧೈರ್ಯ ತುಂಬುತ್ತಿದ್ದಾರೆ. ಆ ಗೇಮ್ ಮಾಡಿದ ಲಾರಿಯನ್ ಸ್ಟುಡಿಯೋ ಕೂಡ ದಿವಾಳಿಯ ಅಂಚಿಗೆ ಹೋಗಿತ್ತಂತೆ, ಅದನ್ನು ಕಟ್ಟಿದ ಸ್ವೆನ್ ವಿಂಕೆ ಬಿಡಲಿಲ್ಲವಂತೆ, 2023ರಲ್ಲಿ ಕಬ್ಬಿಣದ ಕವಚ ತೊಟ್ಟು ವೇದಿಕೆ ಹತ್ತಿ ವರ್ಷದ ಗೇಮ್ ಪ್ರಶಸ್ತಿ ತಗೊಂಡರಂತೆ. ಆ ವಿಡಿಯೋ ನಾನೂ ನೋಡಿದ್ದೇನೆ. ಆದರೆ ಅವರು ಕಂಪನಿ ಶುರು ಮಾಡಿದ್ದು 1996ರಲ್ಲಿ. ನಡುವಿನ ಇಪ್ಪತ್ತು ಚಿಲ್ಲರೆ ವರ್ಷ ಸಂಬಳ ಎಲ್ಲಿಂದ ಬಂತು? ಬಾಡಿಗೆ ಯಾರು ಕಟ್ಟಿದರು? ಅದನ್ನು ಯಾರೂ ಹೇಳುವುದಿಲ್ಲ. ಸುಮ್ನೆ "ಬಿಡಬೇಡ" ಅನ್ನುವ ಮಾತು ಬೇಡ, ವಿಷಯ ಗೊತ್ತಿದ್ದವರು ಬರೆಯಿರಿ.

ಹಳೇಜಾಯ್‌ಸ್ಟಿಕ್

ಒಳ್ಳೆ ಪ್ರಶ್ನೆ. ನಾನು ಲಾರಿಯನ್‌ನವರ ಹಳೆ ಗೇಮ್ ಡಿವೈನ್ ಡಿವಿನಿಟಿ ಕಾಲದಿಂದ ಇವರನ್ನು ನೋಡುತ್ತಿದ್ದೇನೆ, ಗೊತ್ತಿರುವಷ್ಟು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಬೆಲ್ಜಿಯಂನ ಗೆಂಟ್ ಊರಿನ ಕಂಪನಿ ಇದು. 1997ರಲ್ಲಿ ದಿ ಎಲ್ಇಡಿ ವಾರ್ಸ್ ಅಂತ ಒಂದು ಸ್ಟ್ರಾಟಜಿ ಗೇಮ್ ಹೊರತಂದರು. ಈಗ ಅದರ ಹೆಸರೂ ಯಾರಿಗೂ ನೆನಪಿಲ್ಲ. ವಿಂಕೆಗೆ ಮಾಡಬೇಕೆಂದಿದ್ದದ್ದು ದೊಡ್ಡ ಆರ್‌ಪಿಜಿ, ಅಂದರೆ ಆಡುವವರು ಒಂದು ಪಾತ್ರವಾಗಿ ಕಥೆಯೊಳಗೆ ಸಾಗುವ ಗೇಮ್. ಅದಕ್ಕೆ ಜರ್ಮನಿಯ ಆಟಿಕ್ ಅನ್ನುವ ಪಬ್ಲಿಷರ್ ಸಿಕ್ಕಿತು, ಗೇಮಿನ ಹೆಸರು ದಿ ಲೇಡಿ, ದಿ ಮೇಜ್ ಅಂಡ್ ದಿ ನೈಟ್. 1999ರಲ್ಲಿ ಅದು ಬಿದ್ದುಹೋಯಿತು, ಯಾಕೆಂದರೆ ಪಬ್ಲಿಷರ್ ಹತ್ತಿರವೇ ದುಡ್ಡಿರಲಿಲ್ಲ. ನಿಮ್ಮ ಕಥೆಯೇ, ಅಲ್ವಾ?

ಆಮೇಲೆ ಬಂದಿದ್ದು 2002ರ ಡಿವೈನ್ ಡಿವಿನಿಟಿ. ಆ ವಿಚಿತ್ರ ಹೆಸರು ಕೂಡ ಅವರದ್ದಲ್ಲ, ಸಿಡಿವಿ ಅನ್ನುವ ಇನ್ನೊಂದು ಜರ್ಮನ್ ಪಬ್ಲಿಷರ್ ಇಟ್ಟಿದ್ದು. ವಿಮರ್ಶಕರು ಹೊಗಳಿದರು, ಆದರೆ ದುಡ್ಡು ಲಾರಿಯನ್ ಕೈಗೆ ಬರಲಿಲ್ಲ. ಈ ಲೈನಿನಲ್ಲಿ ಇಲ್ಲದವರಿಗಾಗಿ ಇದೊಂದನ್ನು ಬಿಡಿಸಿ ಹೇಳಬೇಕು. ಪಬ್ಲಿಷರ್ ಗೇಮ್ ಮಾಡಲು ಕೊಡುವ ದುಡ್ಡು ಮುಂಗಡ. ಗೇಮ್ ಮಾರಾಟವಾದಾಗ ಡೆವಲಪರ್‌ಗೆ ಸಿಗಬೇಕಾದ ಪಾಲಿನಿಂದಲೇ ಆ ಮುಂಗಡವನ್ನು ಪೂರ್ತಿ ಮುರಿದುಕೊಳ್ಳುತ್ತಾರೆ. ಅದು ತೀರುವ ತನಕ ಡೆವಲಪರ್‌ಗೆ ಕೊಡುವುದು ಸೊನ್ನೆ. ಪಾಲು ಶೇಕಡಾ 20 ಅಂತಿಟ್ಟುಕೊಳ್ಳಿ, ಮುಂಗಡದ ಐದು ಪಟ್ಟು ವ್ಯಾಪಾರ ಆಗುವ ತನಕ ಕಾಯಬೇಕು. ಅಷ್ಟರಲ್ಲಿ ಸಂಬಳ ಕೊಡುವ ದಿನ ಬಂದೇ ಬರುತ್ತದೆ. ಗೇಮ್ ಚೆನ್ನಾಗಿ ಮಾರಾಟವಾದರೂ ಸ್ಟುಡಿಯೋ ಮುಳುಗುವುದು ಹೀಗೆ. ಲಾರಿಯನ್‌ನಲ್ಲಿ ಕೊನೆಗೆ ಬೆರಳೆಣಿಕೆಯಷ್ಟು ಜನ ಉಳಿದರು, ಮಿಕ್ಕವರನ್ನೆಲ್ಲ ಕಳಿಸಬೇಕಾಯಿತು.

ಇನ್ನು ನೀವು ಕೇಳಿದ್ದಕ್ಕೆ ಉತ್ತರ. ಸಂಬಳ ಬಂದಿದ್ದರಲ್ಲಿ ದೊಡ್ಡ ಪಾಲು ಮಕ್ಕಳ ಗೇಮ್‌ಗಳಿಂದ. ಅಲ್ಲಿನ ಸರ್ಕಾರಿ ಟಿವಿಯ ಮಕ್ಕಳ ಚಾನೆಲ್ ಕೆಟ್‌ನೆಟ್‌ಗೆ ಕೆಟ್‌ನೆಟ್‌ಕಿಕ್ ಮಾಡಿಕೊಟ್ಟರು. ಆಮೇಲೆ ಬಿಬಿಸಿ ಮಕ್ಕಳಿಗೆ ಅಡ್ವೆಂಚರ್ ರಾಕ್. ಡ್ರ್ಯಾಗನ್, ಮಾಂತ್ರಿಕ ಅಂತ ಕನಸು ಕಾಣುತ್ತಿದ್ದವರು ಪುಟ್ಟ ಮಕ್ಕಳಿಗೆ ಮಿನಿಗೇಮ್ ಮಾಡಿಕೊಂಡು ಕೂತರು. ನನಗೆ ಆ ಕವಚದ ವಿಡಿಯೋಕ್ಕಿಂತ ಇದೇ ಜಾಸ್ತಿ ಇಷ್ಟ. ನಮ್ಮಲ್ಲಿ ಇಂಥ ಕೆಲಸ ಅಂದರೆ ಮೂಗು ಮುರಿಯುತ್ತಾರೆ.

2009ರ ಡಿವಿನಿಟಿ 2 ಪೂರ್ತಿ ಬೇಯುವ ಮೊದಲೇ ಹೊರಬಂತು, ಬೈಸಿಕೊಂಡರು. ಅಲ್ಲಿಂದ ವಿಂಕೆ ನಿರ್ಧಾರ ಮಾಡಿದರು: ಇನ್ನು ಮೇಲೆ ನಮ್ಮ ಗೇಮ್ ನಾವೇ ಪಬ್ಲಿಷ್ ಮಾಡುತ್ತೇವೆ. 2013ರಲ್ಲಿ ಡಿವಿನಿಟಿ ಸರಣಿಯ ಮುಂದಿನ ಗೇಮ್ ಒರಿಜಿನಲ್ ಸಿನ್‌ಗಾಗಿ, ಜನರಿಂದ ಚಂದಾ ಎತ್ತುವ ಕಿಕ್‌ಸ್ಟಾರ್ಟರ್ ವೆಬ್‌ಸೈಟಿನಲ್ಲಿ 4 ಲಕ್ಷ ಡಾಲರ್ ಕೇಳಿದರು, 9 ಲಕ್ಷ 44 ಸಾವಿರ ಬಂತು. ಅದೂ ಸಾಲಲಿಲ್ಲ. ಆದರೂ ಅವಸರ ಮಾಡದೆ ಮುಂದೂಡಿ, 2014ರ ಜೂನ್ ಕೊನೆಗೆ ಬಿಡುಗಡೆ ಮಾಡಿದರು. ಕೆಲವೇ ತಿಂಗಳಲ್ಲಿ 5 ಲಕ್ಷ ಪ್ರತಿ ಹೋಯಿತು. ಮುಂದಿನದ್ದು ನಿಮಗೆ ಗೊತ್ತೇ ಇದೆ.

ಫ್ರೇಮ್‌ಡ್ರಾಪ್

ಮೇಲಿನದ್ದು ಚೆನ್ನಾಗಿದೆ, ಆದರೆ ಸ್ವಲ್ಪ ತಣ್ಣೀರು ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗೆದ್ದವರ ಕಥೆ ಮಾತ್ರ ನಮಗೆ ಸಿಗುತ್ತದೆ. ಇಷ್ಟೇ ಹಟ ಇಟ್ಟುಕೊಂಡು ಮನೆ ಅಡ ಇಟ್ಟು ಸೋತವರನ್ನು ಯಾರೂ ಸಂದರ್ಶನ ಮಾಡುವುದಿಲ್ಲ. ಲಾರಿಯನ್‌ನಿಂದ ಆಗ ಮನೆಗೆ ಹೋದವರ ಹೆಸರು ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ.

ಒಳ್ಳೆ ಗೇಮ್ ಮಾಡಿದರೆ ಉಳಿಯುತ್ತೇವೆ ಅನ್ನುವುದೂ ಸುಳ್ಳು. ಜಪಾನಿನ ಟ್ಯಾಂಗೋ ಗೇಮ್‌ವರ್ಕ್ಸ್ ನೋಡಿ. 2023ರಲ್ಲಿ ಹೈ-ಫೈ ರಶ್ ಮಾಡಿದರು, ಪ್ರಶಸ್ತಿ ಬಂತು, ಎಲ್ಲರೂ ಮೆಚ್ಚಿದರು. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಆ ಸ್ಟುಡಿಯೋವನ್ನು ಮುಚ್ಚುತ್ತೇವೆ ಅಂತ ಘೋಷಿಸಿತು. ಆಗಸ್ಟ್‌ನಲ್ಲಿ ಕ್ರಾಫ್ಟನ್, ಅದೇ ನಮ್ಮಲ್ಲಿ ಮೊಬೈಲಿನಲ್ಲಿ ಆಡುವ ಬಿಜಿಎಂಐ ಗೇಮಿನವರು, ತಗೊಂಡಿದ್ದರಿಂದ ಬದುಕಿಕೊಂಡಿತು. ಅದರಲ್ಲಿ ಡೆವಲಪರ್ ಹಟದ ಪಾತ್ರ ಎಷ್ಟು, ಹೇಳಿ?

ನನ್ನ ಮಾತು ಇಷ್ಟೇ. ಇಎಂಐ ಇದ್ದರೆ ಮೊದಲು ಅದಕ್ಕೆ ದಾರಿ ಮಾಡಿಕೊಳ್ಳಿ. ಐಟಿ ಕೆಲಸ ಸೇರಿದರೆ ಗೇಮ್ ಬಿಟ್ಟ ಹಾಗೆ ಅಂತ ಯಾರು ಹೇಳಿದ್ದು?

ಹಳೇಜಾಯ್‌ಸ್ಟಿಕ್

ಫ್ರೇಮ್‌ಡ್ರಾಪ್, ಒಪ್ಪುತ್ತೇನೆ. ಅದೃಷ್ಟ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದೃಷ್ಟ ಬಂದಾಗ ಹಿಡಿದುಕೊಳ್ಳಲು ಅವರ ಕೈಯಲ್ಲಿ ಏನೋ ಇತ್ತು, ನಾನು ಹೇಳುತ್ತಿರುವುದು ಅದನ್ನು. ಡಿವಿನಿಟಿ ಅನ್ನುವ ಹೆಸರಿನ ಹಕ್ಕು, ಆ ಲೋಕ, ಎಲ್ಲ ಅವರದ್ದೇ ಆಗಿ ಉಳಿಯಿತು. ಪಬ್ಲಿಷರ್‌ಗಳು ಬದಲಾದರು, ಮುಳುಗಿದರು, ಇವರ ಸರಣಿ ಮುಂದುವರಿಯಿತು. ಇನ್ನೊಂದು ವಿಷಯ, ಒರಿಜಿನಲ್ ಸಿನ್ ಆದ ಮೇಲೆ ವಿಂಕೆ ಬಾಲ್ಡರ್ಸ್ ಗೇಟ್ ಮಾಡುತ್ತೇವೆ ಅಂತ, ಅದರ ಹಕ್ಕು ಇಟ್ಟುಕೊಂಡಿದ್ದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಹತ್ತಿರ ಕೇಳಿದ್ದರು. ನೀವು ಇನ್ನೂ ಎಳಸು ಅಂತ ವಾಪಸ್ ಕಳಿಸಿದರು. ಸುಮ್ಮನೆ ಹೋಗಿ ಒರಿಜಿನಲ್ ಸಿನ್ 2 ಮಾಡುವ ಕೆಲಸಕ್ಕೆ ಕೂತರು. ಕೊನೆಗೆ ಅವರೇ ಇವರನ್ನು ಹುಡುಕಿಕೊಂಡು ಬಂದರು.

ಬೆಂಗಳೂರು_ಬಿಲ್ಡ್

ಬೆಲ್ಜಿಯಂ ಕಥೆ ಸಾಕು, ನಮ್ಮ ಊರಿನದ್ದೇ ಒಂದು ಇದೆಯಲ್ಲ. ಧ್ರುವ ಇಂಟರಾಕ್ಟಿವ್. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದು. ಆಗ ಇಲ್ಲಿ ಗೇಮ್ ಡೆವಲಪರ್ ಅಂದರೆ ಹೆಣ್ಣು ಕೊಡುವುದಿರಲಿ, ಬ್ಯಾಂಕಿನವರು ಕುರ್ಚಿಯನ್ನೂ ಕೊಡುತ್ತಿರಲಿಲ್ಲ. ಹೊರದೇಶದ ಕಂಪನಿಗಳ ಗೇಮ್‌ಗಳಿಗೆ ಆರ್ಟ್ ಮಾಡಿಕೊಡುವುದೇ ಅವರ ಮುಖ್ಯ ಕಸುಬಾಯಿತು. ಫೋರ್ಜಾದಂಥ ಕಾರ್ ಗೇಮ್‌ಗಳಿಗೂ ಕೆಲಸ ಮಾಡಿದ್ದಾರೆ. 2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಧ್ರುವವನ್ನು ಕೊಂಡಿತು. 2018ರ ಕೊನೆಗೆ ಆ ಸ್ಟಾರ್‌ಬ್ರೀಜೇ ಸಾಲದಲ್ಲಿ ಸಿಕ್ಕಿ ಕೋರ್ಟ್ ಮೆಟ್ಟಿಲು ಹತ್ತಿತು. ಕೊಂಡವರೇ ಮುಳುಗಿದರೆ ಏನು ಗತಿ? 2019ರಲ್ಲಿ ಧ್ರುವವನ್ನು ಜಿಟಿಎ ಮಾಡುವ ರಾಕ್‌ಸ್ಟಾರ್ ತಗೊಂಡಿತು, ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾದ ಜೊತೆ ಸೇರಿಸಿತು.

ಆದರೆ ಒಂದು ವ್ಯತ್ಯಾಸ ಹೇಳಲೇಬೇಕು. ಸರ್ವಿಸ್ ಕೆಲಸದಲ್ಲಿ ಕಂಪನಿ ಉಳಿಯುತ್ತದೆ, ಗೇಮ್ ಮಾತ್ರ ಬೇರೆಯವರ ಹೆಸರಿನಲ್ಲಿರುತ್ತದೆ. ಲಾರಿಯನ್‌ನವರು ಮಕ್ಕಳ ಗೇಮ್ ಮಾಡುತ್ತಲೇ ತಮ್ಮದನ್ನೂ ಪಕ್ಕದಲ್ಲಿ ಬೆಳೆಸಿದರು. ಎರಡನ್ನೂ ಒಟ್ಟಿಗೆ ಎಳೆಯುವುದು ಭಾರಿ ಕಷ್ಟ. ಗಿರಾಕಿ ಕೆಲಸದ ಡೆಡ್‌ಲೈನ್ ಯಾವಾಗಲೂ ನಿಮ್ಮ ಸ್ವಂತ ಗೇಮನ್ನು ತಿಂದುಹಾಕುತ್ತದೆ.

ಬಗ್‌ಬೇಟೆ

ಎಲ್ಲರಿಗೂ ಥ್ಯಾಂಕ್ಸ್. ಕೆಟ್‌ನೆಟ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಹಳೆ ಸ್ಟುಡಿಯೋದ ಇಬ್ಬರು ಸೇರಿ ಶಾಲೆ ಮಕ್ಕಳಿಗೆ ಗಣಿತ ಕಲಿಸುವ ಗೇಮಿನ ಒಂದು ಕಾಂಟ್ರಾಕ್ಟ್ ತರುತ್ತಿದ್ದಾರೆ, ನನ್ನನ್ನೂ ಕರೆದಿದ್ದರು. ಬೇಡ ಅನ್ನುವ ಮನಸ್ಸಿತ್ತು, ಈಗ ಸೋಮವಾರ ಮಾತಾಡುತ್ತೇನೆ ಅಂದಿದ್ದೇನೆ. ಫ್ರೇಮ್‌ಡ್ರಾಪ್, ಇಎಂಐ ಇದೆ, ಅದಕ್ಕೇ ಈ ಒದ್ದಾಟ. ಆ ಕಾಂಟ್ರಾಕ್ಟ್‌ನಲ್ಲಿ ಏನೇನು ನೋಡಬೇಕು?

ಬೆಂಗಳೂರು_ಬಿಲ್ಡ್

ಮೊದಲು ಕೋಡ್ ಯಾರದ್ದು ಅಂತ ನೋಡಿ. ಗೇಮ್ ಅವರಿಗೆ ಹೋಗಲಿ, ಆದರೆ ನೀವು ಕಟ್ಟಿದ ಟೂಲ್, ಲೆವೆಲ್ ಎಡಿಟರ್, ಸೇವ್ ಸಿಸ್ಟಂ ಇಂಥವನ್ನು ಮುಂದೆ ನಿಮ್ಮ ಗೇಮಿಗೆ ಬಳಸುವ ಹಕ್ಕು ನಿಮಗೇ ಇರಬೇಕು, ಬರವಣಿಗೆಯಲ್ಲಿ. ಆಮೇಲೆ, ಮಧ್ಯದಲ್ಲಿ ನಿಲ್ಲಿಸಿದರೆ ಅಲ್ಲಿಯವರೆಗಿನ ಕೆಲಸಕ್ಕೆ ದುಡ್ಡು ಎಷ್ಟು ದಿನದಲ್ಲಿ ಕೊಡುತ್ತಾರೆ ಅನ್ನುವ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಹಾಕಿಸಿ, ಸಹಿ ಆಮೇಲೆ. ಡ್ರಾಫ್ಟ್ ಬಂದ ಮೇಲೆ ಕಂಪನಿ ಹೆಸರು ಅಳಿಸಿ ಇಲ್ಲಿ ಹಾಕಿ, ಎಲ್ಲರೂ ಸೇರಿ ಓದೋಣ.