ಪದಚರ್ಚೆ: ಮಂಜು ಒಂದು, ಅರ್ಥ ಆರು

ಪ್ರಶ್ನೆ (ಪುಣೆಯಿಂದ):

ಎಲ್ಲರಿಗೂ ನಮಸ್ಕಾರ. ಮಹಾಬಳೇಶ್ವರ ಬೆಟ್ಟದ ನೆತ್ತಿಯ ಹವಾಮಾನ ಕೇಂದ್ರದಲ್ಲಿ ಎರಡು ತಿಂಗಳು ಕೆಲಸ ಕಲಿಯಲು ಧಾರವಾಡ, ಬೆಳಗಾವಿ ಕಡೆಯಿಂದ ಬರುವ ಬಿ.ಎಸ್‌ಸಿ. ಹುಡುಗ ಹುಡುಗಿಯರಿಗಾಗಿ ಒಂದು ಕನ್ನಡ ಕೈಪಿಡಿ ತಯಾರಾಗುತ್ತಿದೆ. ಕರಡಿನಲ್ಲಿ ಫಾಗ್, ಮಿಸ್ಟ್, ಹೇಜ್, ಡ್ಯೂ, ಫ್ರಾಸ್ಟ್, ರೈಮ್ ಆರಕ್ಕೂ ‘ಮಂಜು’ ಎಂದೇ ಬಿದ್ದಿದೆ. ಬೇರೆ ಬೇರೆ ಪದ ಸಿಕ್ಕೀತೇ? ಮೋಡದ ಲೆಕ್ಕದ ‘ಆಕ್ಟಾ’ಕ್ಕೆ ‘ಆಣೆ’ ಎಂದರೆ ಹೇಗೆ? ‘ಸಮ್ಮರ್ ಇಂಟರ್ನ್’ ಅನ್ನು ‘ಬೇಸಿಗೆ ಪ್ರಶಿಕ್ಷಣಾರ್ಥಿ’ ಎಂದಿದ್ದೇವೆ, ಸರಿಯೇ?

ಉತ್ತರ (ಡೊಂಬಿವಲಿಯಿಂದ):

ಆಣೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ಅಪಾಯದ ಪದ. ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲು ಮೋಡ ಎಂದು ಎಣಿಸುವುದು ಆಕ್ಟಾ. ಎಂಟು ಆಕ್ಟಾ ಎಂದರೆ ಆಕಾಶವೆಲ್ಲ ಮೋಡ. ನಮ್ಮ ಆಣೆ ರೂಪಾಯಿಗೆ ಹದಿನಾರು. ‘ಎಂಟಾಣೆ ಮೋಡ’ ಎಂದು ಓದಿದ ಧಾರವಾಡದ ಹುಡುಗ ಅರ್ಧ ಆಕಾಶ ಎಂದೇ ತಿಳಿಯುತ್ತಾನೆ, ಅದು ಅವನ ತಪ್ಪೂ ಅಲ್ಲ. ‘ಆಕ್ಟಾ’ ಎಂದೇ ಬಿಡಿ, ಇಲ್ಲವೇ ‘ಎಂಟರಲ್ಲಿ ಮೂರು ಪಾಲು’ ಎಂದು ಬಿಡಿಸಿ ಬರೆಯಿರಿ. ಜೊತೆಗೆ ಒಂದು ಸಾಲು ಸೇರಿಸಿ: ಮಂಜು ಕವಿದು ಆಕಾಶವೇ ಕಾಣದಿದ್ದರೆ ಬರೆಯಬೇಕಾದದ್ದು 8 ಅಲ್ಲ, 9. ಎಂಟು ಎಂದರೆ ಮೋಡ ಕಂಡಿದೆ, ತುಂಬಿದೆ. ಒಂಬತ್ತು ಎಂದರೆ ಆಕಾಶವೇ ಕಂಡಿಲ್ಲ. ಮಳೆಗಾಲದ ಬೆಟ್ಟದಲ್ಲಿ ಹೊಸಬರು ಮೊದಲು ಎಡವುವುದು ಇಲ್ಲೇ.

ಈಗ ಮಂಜು. ಮರಾಠಿಯವರಿಗೆ ಈ ತೊಡಕು ಕಡಿಮೆ. ಗಾಳಿಯಲ್ಲಿ ತೇಲುವುದು ‘ಧುಕೆ’, ಹುಲ್ಲಿನ ಮೇಲೆ ಕೂರುವುದು ‘ದವ’, ಎರಡೂ ಬೆರೆಯುವುದಿಲ್ಲ. ನಮ್ಮಲ್ಲಿ ಮಂಜು ಬೀಳುತ್ತದೆ, ಮುಸುಕುತ್ತದೆ, ಕರಗುತ್ತದೆ; ಹಿಮಾಲಯದ ಹಿಮವೂ ಮಂಜೇ. ಕವಿತೆಗೆ ಇದು ಒಳ್ಳೆಯದು, ದಾಖಲೆ ಪುಸ್ತಕಕ್ಕೆ ಅಲ್ಲ.

ಡ್ಯೂಗೆ ಇಬ್ಬನಿ ಇದ್ದೇ ಇದೆ. ಅದರ ‘ಬನಿ’ ಕಂಬನಿಯ ಬನಿಯೇ, ಅಂದರೆ ಹನಿ. ಎಲೆ, ಕಂಬಿ, ತಗಡಿನ ಮೇಲೆ ಕೂತ ಹನಿಗೆ ಮಾತ್ರ ಆ ಪದ. ‘ರಸ್ತೆಯಲ್ಲಿ ಇಬ್ಬನಿ ಮುಸುಕಿ ವಾಹನ ಕಾಣಲಿಲ್ಲ’ ಎಂದು ಪತ್ರಿಕೆಗಳು ಬರೆಯುವುದನ್ನು ಕೈಪಿಡಿಗೆ ತರಬೇಡಿ.

ಫಾಗ್ ಎಂದರೆ ನೋಟ, ಅಂದರೆ ಕಣ್ಣಿಗೆ ಕಾಣುವ ದೂರ, 1 ಕಿ.ಮೀ.ಗಿಂತ ಕಡಿಮೆಯಾದದ್ದು. ಅದಕ್ಕೆ ಬರೀ ‘ಮಂಜು’ ಸಾಕು, ‘ದಟ್ಟ ಮಂಜು’ ಬೇಡ. ‘ದಟ್ಟ’ವನ್ನು ಇಲ್ಲೇ ಖರ್ಚು ಮಾಡಿದರೆ ಮುಂದೆ ಕೈ ಖಾಲಿ. ಹವಾಮಾನ ಇಲಾಖೆಯ ವಿಂಗಡಣೆಯಲ್ಲಿ 500ರಿಂದ 1,000 ಮೀಟರ್ ಹಗುರ, 200ರಿಂದ 500 ಸಾಧಾರಣ, 50ರಿಂದ 200 ದಟ್ಟ, 50ಕ್ಕೂ ಕಡಿಮೆಯಾದರೆ ಅತಿ ದಟ್ಟ. ‘ಕಾವಳ’ ಸುಂದರ ಪದ, ನನಗೂ ಆಸೆ ಇದೆ. ಆದರೆ ಅದಕ್ಕೆ ಕತ್ತಲೆ ಎಂಬ ಅರ್ಥವೂ ಇರುವುದರಿಂದ ರಾತ್ರಿಯ ದಾಖಲೆಯಲ್ಲಿ ಗೊಂದಲವಾಗುತ್ತದೆ.

ನೋಟ 1 ಕಿ.ಮೀ. ದಾಟಿ, ದೂರದ ಗುಡ್ಡ ಮಸುಕಾಗಿದ್ದರೆ ಅದು ಮಿಸ್ಟೋ ಹೇಜೋ? ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಮಿಸ್ಟ್ ನೀರಿನ ಸಣ್ಣ ಹನಿಗಳದ್ದು, ಹೇಜ್ ಧೂಳು ಹೊಗೆಯಂಥ ಒಣ ಕಣಗಳದ್ದು. ಇವಕ್ಕೆ ‘ಹಸಿಮಬ್ಬು’, ‘ಒಣಮಬ್ಬು’ ಎಂದು ಸೂಚಿಸುತ್ತೇನೆ. ಹಸಿ–ಒಣ ಎಂಬ ಜೋಡಿ ನಮ್ಮ ಅಡುಗೆಮನೆಯಲ್ಲೇ ಇದೆ, ಹಸಿಮೆಣಸಿನಕಾಯಿ ಒಣಮೆಣಸಿನಕಾಯಿ ಇದ್ದ ಹಾಗೆ. ಪರೀಕ್ಷೆಯೂ ಹೆಸರಿನಲ್ಲೇ ಅಡಗಿದೆ. ಉಷ್ಣಮಾಪಕಗಳನ್ನು ನೆರಳಲ್ಲಿಡುವ ಸ್ಟೀವನ್ಸನ್ ಪೆಟ್ಟಿಗೆಯಲ್ಲಿ ಒಂದರ ಬಲ್ಬ್ ಒಣ, ಇನ್ನೊಂದರದು ಒದ್ದೆ ಬಟ್ಟೆ ಸುತ್ತಿದ್ದು; ಒದ್ದೆಯದು ನೀರು ಆವಿಯಾದಷ್ಟೂ ತಣ್ಣಗಾಗುತ್ತದೆ. ಈ ಒಣ ಬಲ್ಬ್, ಒದ್ದೆ ಬಲ್ಬ್‌ಗಳ ಅಂಕಿ ಹತ್ತಿರ ಹತ್ತಿರ ಇದ್ದರೆ ಹಸಿಮಬ್ಬು, ದೂರ ಇದ್ದರೆ ಒಣಮಬ್ಬು. ಏಪ್ರಿಲ್ ಮಧ್ಯಾಹ್ನ ಪುಣೆಯ ಸುತ್ತ ಗುಡ್ಡಗಳನ್ನು ಮಸುಕು ಮಾಡುವುದು ಸಾಮಾನ್ಯವಾಗಿ ಎರಡನೆಯದು.

ಆ ಪರೀಕ್ಷೆ ನಿಂತಿರುವುದು ಒಂದು ತುಂಡು ಬಟ್ಟೆಯ ಮೇಲೆ. ಒದ್ದೆ ಬಲ್ಬಿಗೆ ಸುತ್ತಿದ ಮಸ್ಲಿನ್ ಕೊಳೆಯಾದರೆ, ಒಣಗಿದರೆ, ಅಥವಾ ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರು ಹಾಕಿ ಅದರಲ್ಲಿ ಉಪ್ಪು ಕಟ್ಟಿದರೆ, ಆವಿಯಾಗುವುದು ಕುಗ್ಗಿ ಅಂಕಿ ಇರಬೇಕಾದ್ದಕ್ಕಿಂತ ಮೇಲೇರುತ್ತದೆ. ಆಗ ಒಣಮಬ್ಬು ಕಾಗದದ ಮೇಲೆ ಹಸಿಮಬ್ಬಾಗಿಬಿಡುತ್ತದೆ. ಮಂಜಿನೊಳಗೆ ಎರಡೂ ಅಂಕಿ ಸಮನಾಗುವುದು ಸಹಜ. ಮಳೆಗಾಲದಲ್ಲಿ ಒದ್ದೆಯದು ಒಣದಕ್ಕಿಂತ ಹೆಚ್ಚು ತೋರಿಸಿದರೆ ಓದಿದ್ದು ತಪ್ಪು, ಅಥವಾ ಉಪಕರಣದಲ್ಲಿ ದೋಷ.

ಇನ್ನು ‘ಇದು ಮೋಡವಲ್ಲವೇ?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬೆಟ್ಟದ ಕೆಳಗಿನ ವಾಯಿ ಊರಿನಿಂದ ತಲೆಯೆತ್ತಿ ನೋಡಿದವರಿಗೆ ಮಹಾಬಳೇಶ್ವರದ ಮೇಲೆ ಕೂತದ್ದು ಮೋಡ, ಅದರೊಳಗೆ ನಿಂತವರಿಗೆ ಮಂಜು. ವಸ್ತು ಒಂದೇ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 2012ರಲ್ಲಿ ಅಲ್ಲಿ, 1,300 ಮೀಟರಿಗೂ ಎತ್ತರದಲ್ಲಿ, ಮೋಡದ ಭೌತವಿಜ್ಞಾನದ ಪ್ರಯೋಗಾಲಯ ತೆರೆದದ್ದೇ ಮಳೆಗಾಲದಲ್ಲಿ ಮೋಡ ತಾನಾಗಿ ಮನೆಬಾಗಿಲಿಗೆ ಬರುತ್ತದೆಂದು. ಹನಿಗಳನ್ನು ಅಳೆಯುವ ಪುಟದಲ್ಲಿ ‘ಮೋಡ’, ನೋಟ ಬರೆಯುವ ಪುಟದಲ್ಲಿ ‘ಮಂಜು’ ಎಂದು ಕೈಪಿಡಿ ಮೊದಲೇ ಹೇಳಿಬಿಡಲಿ.

ಫ್ರಾಸ್ಟ್‌ನಲ್ಲಿ ಎರಡು ಬಗೆ. ಚಳಿಗಾಲದಲ್ಲಿ ಮಹಾಬಳೇಶ್ವರದ ವೇಣ್ಣಾ ಕೆರೆಯ ಬದಿಯಲ್ಲಿ ‘ದವಬಿಂದು ಗೋಠಲೇ’ (ಇಬ್ಬನಿ ಹನಿ ಹೆಪ್ಪುಗಟ್ಟಿತು) ಎಂದು ಮರಾಠಿ ಪತ್ರಿಕೆಗಳು ಬರೆಯುತ್ತವಲ್ಲ, ಹಾಗೆ ಇಬ್ಬನಿ ಕೂತ ಮೇಲೆ ಗಟ್ಟಿಯಾದರೆ ಗಾಜಿನ ಮಣಿಯಂತೆ ದುಂಡಗಿರುತ್ತದೆ, ಅದು ‘ಹೆಪ್ಪಿಬ್ಬನಿ’. ಗಾಳಿಯ ಆವಿ ನೀರಾಗದೆ ನೇರವಾಗಿ ಮಂಜುಗಡ್ಡೆಯಾದರೆ ಸೂಜಿಯಂಥ, ಗರಿಯಂಥ ಹರಳು. ಅದಕ್ಕೆ ‘ಹರಳಿಬ್ಬನಿ’ ಆದೀತು. ಭೂತಗನ್ನಡಿ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ.

ರೈಮ್‌ಗೆ ಮಾತ್ರ ಕನ್ನಡ ಪದ ಕಟ್ಟಬೇಡಿ. ಸೊನ್ನೆಗಿಂತ ತಣ್ಣಗಾದರೂ ನೀರಾಗಿಯೇ ಉಳಿದ ಮೋಡದ ಹನಿ, ಕಂಬಕ್ಕೋ ತಂತಿಗೋ ತಗುಲಿದ ಕ್ಷಣ ಗಟ್ಟಿಯಾಗುವುದು ರೈಮ್. ಸಹ್ಯಾದ್ರಿಯ ಮಳೆಗಾಲದ ಬೆಚ್ಚನೆ ಮೋಡದಲ್ಲಿ ಅದು ಆಗುವುದಿಲ್ಲ. ಅಮೆರಿಕದ 1,917 ಮೀಟರ್ ಎತ್ತರದ ಮೌಂಟ್ ವಾಷಿಂಗ್ಟನ್ನಿನಲ್ಲಿ ಅದು ನಿತ್ಯದ ಪೀಡೆ. ಉಪಕರಣದ ಮೇಲೆ ಕಟ್ಟಿದ್ದನ್ನು ವೀಕ್ಷಕರು ಹೊರಗೆ ಹೋಗಿ ಬಡಿದು ಕೆಡಹುತ್ತಾರೆ. 1934ರ ಏಪ್ರಿಲ್ 12ರಂದು ಗಂಟೆಗೆ 231 ಮೈಲಿ ಗಾಳಿ ಅಳೆದದ್ದೂ ಅಲ್ಲೇ. ಚಿತ್ರ ಹಾಕುವುದಾದರೆ ಅಡಿಬರಹ ನೋಡಿಕೊಳ್ಳಿ: ರೈಮಿನ ಗರಿ ಗಾಳಿ ಹೋಗುವ ಕಡೆಗಲ್ಲ, ಗಾಳಿ ಬರುವ ಕಡೆಗೆ ಬೆಳೆಯುತ್ತದೆ. ಬಾವುಟ ನೋಡಿದ ಕಣ್ಣಿಗೆ ಇದು ತಲೆಕೆಳಗು.

ನೀವು ಕೇಳದ ಒಂದು: ಡ್ರಿಜಲ್. ‘ತುಂತುರು’ ಎನ್ನಿ. ಹನಿ 0.5 ಮಿ.ಮೀ.ಗಿಂತ ಚಿಕ್ಕದು, ನಿಂತ ನೀರಿಗೆ ಬಿದ್ದರೆ ಚಿಮ್ಮುವುದಿಲ್ಲ. ‘ಸೋನೆ’ ಬಿಡದೆ ಹಿಡಿದ ಮಳೆಯ ಗುಣ ಹೇಳುತ್ತದೆಯೇ ಹೊರತು ಹನಿಯ ಗಾತ್ರವನ್ನಲ್ಲ. ‘ಮಳೆ ನಿಂತರೂ ಮರದ ಹನಿ ನಿಲ್ಲದು’ ಎಂಬ ಗಾದೆಯನ್ನು ಮಳೆಮಾಪಕದ ಪುಟಕ್ಕೆ ಹಾಕಿಕೊಳ್ಳಿ. ಮಂಜಿನಲ್ಲಿ ತೊಯ್ದ ಕೊಂಬೆಯಿಂದ ತೊಟ್ಟಿಕ್ಕಿದ ನೀರು ಮಾಪಕಕ್ಕೆ ಸೇರಿದರೆ ಬಾರದ ಮಳೆ ಲೆಕ್ಕಕ್ಕೆ ಬರುತ್ತದೆ, ಮರದಿಂದ ಅದರ ಎತ್ತರದ ಎರಡು ಪಟ್ಟಾದರೂ ದೂರವಿರಬೇಕು. ದಾಖಲೆ ಪುಸ್ತಕದಲ್ಲಿ ‘ಇಂದಿನ ಮಳೆ’ ಎಂಬ ಅಂಕಣವಿದ್ದರೆ ಅದರ ತಲೆಬರಹವನ್ನೂ ಬದಲಿಸಿ. ಬೆಳಗಿನ 8.30ಕ್ಕೆ ಅಳೆದದ್ದು ಹಿಂದಿನ 24 ಗಂಟೆಯದು, ‘8.30ರವರೆಗಿನ ಮಳೆ’ ಎಂದರೆ ತಕರಾರಿಲ್ಲ.

ಕೊನೆಗೆ ಹೆಸರು. ‘ಪ್ರಶಿಕ್ಷಣಾರ್ಥಿ’ ಮರಾಠಿ ಕಚೇರಿಯ ನೆರಳು. ವಿದ್ಯಾರ್ಥಿಗಳು ತಮ್ಮನ್ನು ಇಂಟರ್ನ್ ಎಂದೇ ಕರೆದುಕೊಳ್ಳುತ್ತಾರೆ, ಹಾಗೇ ಇರಲಿ. ‘ಬೇಸಿಗೆ’ ತೆಗೆಯಿರಿ. ಮೌಂಟ್ ವಾಷಿಂಗ್ಟನ್ನಿಗೆ ಜೂನ್–ಆಗಸ್ಟ್ ಬೇಸಿಗೆಯಾದರೆ ಮಹಾಬಳೇಶ್ವರಕ್ಕೆ ಅದು ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲ. ‘ಬೇಸಿಗೆ’ ಎಂದು ಓದಿದವರು ಕೊಡೆ ಬಿಟ್ಟು ಟೋಪಿ ಹಾಕಿಕೊಂಡು ಬಂದಾರು. ‘ರಜೆಯ ಇಂಟರ್ನ್’ ಎನ್ನಿ, ಕೆಳಗೆ ತಿಂಗಳು ಬರೆಯಿರಿ.